ಒಂದೇ ಸಲ ಕೇಳಿ ಹೋದ ಟೀಚರು

ಹಿಮೇನಾ ಬರೇರಾ ನಮ್ಮ ಮನೆಯ ಬಾಗಿಲು ತಟ್ಟಿದಾಗ ನಾನು ಓವನ್ನಿನಿಂದ ನಿಂಬೆ ಬಾರು ಎಂಬ ಸಿಹಿ ತಿಂಡಿಯ ತಟ್ಟೆಯನ್ನು ಆಗಷ್ಟೇ ತೆಗೆದು, ಚೌಕ ಚೌಕವಾಗಿ ಕತ್ತರಿಸಲು ಚಾಕು ಹುಡುಕುತ್ತಿದ್ದೆ. ಬಾಗಿಲು ತೆರೆದರೆ ಬೂಟಿನ ತುಂಬ ಹಿಮ ಮೆತ್ತಿಕೊಂಡ ಹುಡುಗಿ ಕಾಲೊರಸಿನ ಮೇಲೆ ನಿಂತಿದ್ದಾಳೆ. ಹೋಲ್ಮ್‌ಡಾಲಿನ ನಮ್ಮ ಶಾಲೆಗೆ ಆ ವರ್ಷ ಬಂದಿದ್ದ ಹೊಸ ಕೃಷಿ ಟೀಚರು ಅವಳು. ಟೆಕ್ಸಾಸಿನ ಗಡಿಯ ಕಡೆಯವಳು. ಮಿನ್ನೆಸೋಟಾದ ಚಳಿ ಅವಳಿಗೆ ಮೊದಲನೆಯದು.

"ಒಳಗೆ ಬಾರಮ್ಮ. ಕಾಫಿ ಕುಡೀತೀಯಾ?"

"ಬೇಡ ಮಿಸೆಸ್ ಟೊಲೆಫ್ಸನ್, ಥ್ಯಾಂಕ್ಸ್."

"ಒಂಚೂರು?"

"ಇಲ್ಲ, ಈಗಷ್ಟೇ ಕುಡಿದೆ."

"ಬಿಸಿ ಇದೆ, ಒಂದು ಗುಟುಕು," ಎಂದು ನಾನು ಬಗ್ಗಿಸಿಯೇ ಬಿಟ್ಟೆ. ಅವಳು ಒಂದು ಕ್ಷಣ ನನ್ನ ಮುಖ ನೋಡಿ, ಬಟ್ಟಲು ತೆಗೆದುಕೊಂಡು, ನಿಂತಲ್ಲೇ ಬಾಯಿ ಸುಟ್ಟುಕೊಂಡು ಕುಡಿದು ಮುಗಿಸಿದಳು. ಆಮೇಲೆ ವಿಷಯಕ್ಕೆ ಬಂದಳು.

"ನಮ್ಮ ಕೃಷಿ ಕೂಟಕ್ಕೆ ಊರಿನವರದ್ದೇ ಒಂದು ಸಲಹಾ ಮಂಡಳಿ ಬೇಕಾಗಿದೆ. ನೀವು ಅದರಲ್ಲಿ ಇರ್ತೀರಾ?"

"ಅಯ್ಯೋ, ನಾನ್ಯಾಕಮ್ಮ? ನನಗಿಂತ ತಿಳಿದೋರು ಊರಲ್ಲಿ ಎಷ್ಟು ಜನ ಇಲ್ಲ?"

"ಹೌದಾ? ಪರವಾಗಿಲ್ಲ ಬಿಡಿ. ಕಾಫಿಗೆ ಥ್ಯಾಂಕ್ಸ್."

ಹೇಳಿದವಳೇ ಇಳಿದು ಹೋದಳು. ಅವಳ ಹಳೆಯ ಟ್ರಕ್ಕು ಕೆಮ್ಮಿ ಕೆಮ್ಮಿ ಹೊರಟಿತು. ಸಭೆ ಯಾವ ವಾರ ಇದ್ದರೆ ಅನುಕೂಲ, ಯಾವ ತಿಂಡಿ ಮಾಡಿಕೊಂಡು ಹೋಗಲಿ ಎಂದು ಮನಸ್ಸಿನಲ್ಲಿ ಆಗಲೇ ಲೆಕ್ಕ ಹಾಕುತ್ತಿದ್ದ ನಾನು ತೆರೆದ ಬಾಗಿಲಿನಲ್ಲಿ ನಿಂತೇ ಇದ್ದೆ. ಚಳಿಯೆಲ್ಲ ಒಳಗೆ ಬಂತು.

ಶಾಲೆಯ ಮಕ್ಕಳ ಆ ಕೃಷಿ ಕೂಟದ ಮೇಲೆ ನನಗೆ ಒಂದು ಬಗೆಯ ಮಮತೆ. ಎಂಟನೆಯ ತರಗತಿಗೇ ಶಾಲೆ ಬಿಟ್ಟು ಹಸುಗಳ ಹಿಂದೆ ಹೋದವಳು ನಾನು. ಮಕ್ಕಳು ದೊಡ್ಡವರಾದ ಮೇಲೆ, ಸಂಜೆಯ ಹಾಲು ಕರೆದು ಮುಗಿಸಿ, ರಾತ್ರಿ ತರಗತಿಗೆ ಹೋಗಿ ಕಲಿತದ್ದು ಶಾಲೆಯಲ್ಲಿ ಕೂಟದವರು ಬಳಸುವ ಮರಗೆಲಸದ ಕೋಣೆಯಲ್ಲೇ. ನನ್ನ ಬೆಂಚಿನ ಪಕ್ಕದ ಕಿಟಕಿಯಿಂದ ಕೂಟದ ಮಕ್ಕಳ ಗಾಜಿನ ಮನೆ ಕಾಣುತ್ತಿತ್ತು. ಹೊರಗೆ ಹಿಮ ಬೀಳುತ್ತಿದ್ದರೆ ಅದರೊಳಗೆ ದೀಪದ ಕೆಳಗೆ ಟೊಮೇಟೊ ಸಸಿಗಳು. ಮೇ ತಿಂಗಳಲ್ಲಿ ಅವನ್ನು ಊರಿಗೆಲ್ಲ ಮಾರುತ್ತಿದ್ದರು. ಆಗ ಕೂಟದ ತುಂಬ ನಮ್ಮ ರೈತರ ಮಕ್ಕಳೇ. ಬರುಬರುತ್ತ ನಾಲ್ಕು ಜಮೀನು ಸೇರಿ ಒಂದಾಯಿತು, ಕೊಟ್ಟಿಗೆಗಳು ಖಾಲಿಯಾದವು, ಮಕ್ಕಳೂ ಕಡಿಮೆಯಾದರು. ಈಗ ಕೂಟದಲ್ಲಿ ಹೆಚ್ಚಿನವರು ಕರೆನ್ ಜನಾಂಗದ ಮಕ್ಕಳು. ಬರ್ಮಾದ ಗಡಿಯ ನಿರಾಶ್ರಿತರ ಶಿಬಿರಗಳಿಂದ ಬಂದು, ಊರ ಹೊರಗಿನ ಟರ್ಕಿ ಕೋಳಿ ಮಾಂಸದ ಕಾರ್ಖಾನೆಯಲ್ಲಿ ದುಡಿಯುವವರ ಮಕ್ಕಳು. ಶಾಲೆಯ ಮುಖ್ಯಾಧಿಕಾರಿ ಕ್ವಿಗ್ಲಿ ಶಿಕಾಗೋದಿಂದ ಬಂದ ಮನುಷ್ಯ. ಕೆಟ್ಟವನಲ್ಲ. "ಟೀಚರು ಇವತ್ತು ಇರ್ತಾರೆ, ನಾಳೆ ಹೋಗ್ತಾರೆ. ಊರಿನವರೇ ಒಂದು ಮಂಡಳಿ ಕಟ್ಟಿ ಬೆನ್ನಿಗೆ ನಿಂತ್ರೆ ಕೂಟ ಉಳೀಲಿ. ಇಲ್ದಿದ್ರೆ ಮಾರ್ಚಿಗೆ ಮುಚ್ಚೋಣ, ಗಾಜಿನ ಮನೆ ಕೆಡವಿ ಬಸ್ಸು ನಿಲ್ಲಿಸೋಣ," ಎಂದಿದ್ದ. ನ್ಯಾಯವಾದ ಮಾತೇ.

ಭಾನುವಾರ ಚರ್ಚಿನ ನೆಲಮಾಳಿಗೆಯಲ್ಲಿ ಪ್ರಾರ್ಥನೆ ಮುಗಿದ ಮೇಲಿನ ಕಾಫಿಗೆ ಕೂತಿದ್ದೆವು. ಮೆಕ್ಕೆಜೋಳ ಬೆಳೆದು ಹಂದಿ ಸಾಕುವ ಆರ್ವಿಲ್ ಹೌಗೆನ್ ಎದುರಿಗಿದ್ದ. ಅವನ ಹೆಣ್ಣುಮಕ್ಕಳೆಲ್ಲ ಆ ಕೂಟದಲ್ಲಿ ಕರು ಸಾಕಿ ದೊಡ್ಡವರಾದವರು.

"ಆರ್ಡಿಸ್, ಆ ಟೀಚರು ನಿನ್ನ ಮನೇಗೂ ಬಂದಿದ್ಲಾ?" ಎಂದು ನನ್ನನ್ನು ಕೇಳಿದ.

"ಬಂದಿದ್ಲು. ನಿನ್ನ ಹತ್ರ?"

"ಬಂದ್ಲು, ಕೇಳಿದ್ಲು. ನಾನು 'ನನಗೇನು ಗೊತ್ತಾಗತ್ತೆ' ಅಂದೆ. ಅಷ್ಟಕ್ಕೇ 'ಸರಿ' ಅಂದು ಟ್ರಕ್ ಹತ್ತಿ ಹೋಗೇಬಿಟ್ಲು!"

ಪಕ್ಕದಲ್ಲಿದ್ದ ಮಾರ್ಲಿಸ್, ಇಡೀ ಊರಿನ ಕೂದಲು ಕತ್ತರಿಸುವವಳು, ಬಟ್ಟಲು ಕೆಳಗಿಟ್ಟಳು. "ಒಂದೇ ಸಲ ಕೇಳಿದ್ಲಾ?"

"ಒಂದೇ ಸಲ."

"ನನ್ನನ್ನೂ ಅಷ್ಟೆ! ಮರ್ಯಾದೆಗೆ ಕೇಳಿದ್ದು ಅಂತ ಕಾಣತ್ತೆ. ಅವಳಿಗೆ ಮೊದಲೇ ಯಾರೋ ಸಿಕ್ಕಿರ್ಬೇಕು."

"ಮತ್ತಿನ್ನೇನು? ನಿಜವಾಗ್ಲೂ ಬೇಕಾಗಿದ್ರೆ ಇನ್ನೊಂದ್ಸಲ ಕೇಳೋಕೆ ಅವಳ ಬಾಯೇನು ಸವೀತಿತ್ತಾ?" ಎಂದ ಆರ್ವಿಲ್. ದನಿಯಲ್ಲಿ ನೋವಿತ್ತು. ಮೂವತ್ತು ವರ್ಷ ಆ ಕೂಟದ ಕರುಗಳನ್ನು ತನ್ನ ಟ್ರೇಲರಿನಲ್ಲಿ ಜಿಲ್ಲೆಯ ಮೇಳಕ್ಕೆ ಸಾಗಿಸಿದವನು.

ಬಾಯಿ ಸುಟ್ಟುಕೊಂಡು ಕಾಫಿ ಕುಡಿದ ಹುಡುಗಿಯ ಮುಖ ನನ್ನ ಕಣ್ಣ ಮುಂದೆ ಬಂತು. ಪಾಪ, ಅವಳು ಕಾಫಿ ಬೇಡ ಎಂದದ್ದು ನಿಜವಾಗಿ ಬೇಡ ಎಂದೇ. ನಾವೂ ಹಾಗೆಯೇ ಅಂದೆವೆಂದು ತಿಳಿದು ಹೋಗಿದ್ದಾಳೆ.

ಮರುದಿನ ಶಾಲೆ ಬಿಡುವ ಹೊತ್ತಿಗೆ ಗಾಜಿನ ಮನೆಗೆ ಹೋದೆ. ಹಿಮೇನಾ ಕುಂಡಗಳನ್ನು ಒಂದರೊಳಗೊಂದು ಸೇರಿಸಿ ಮೂಲೆಗೆ ಒಟ್ಟುತ್ತಿದ್ದಳು. ಬಳಿಯಲ್ಲಿ ಕೂಟದ ಅಧ್ಯಕ್ಷೆ ಪಾವಾ, ಹದಿನೇಳರ ಕರೆನ್ ಹುಡುಗಿ, ಪುಂಡಿ ಸೊಪ್ಪಿನ ಬೀಜ ಬಿತ್ತುತ್ತಿದ್ದಳು. ಅವರ ಜನಕ್ಕೆ ಆ ಹುಳಿ ಸೊಪ್ಪಿಲ್ಲದೆ ಊಟ ಇಳಿಯದು. ನಮ್ಮ ಬೇಸಿಗೆ ಚಿಕ್ಕದು. ಗಾಜಿನ ಕೆಳಗೆ ಮೊದಲೇ ಸಸಿ ಮಾಡಿಕೊಳ್ಳದಿದ್ದರೆ ಅದು ಬರುವುದೂ ಇಲ್ಲ.

"ಯಾಕಮ್ಮ ಕುಂಡ ಒಟ್ತಾ ಇದ್ದೀಯ?" ಎಂದೆ.

"ಇನ್ನೇನು ಮಾಡ್ಲಿ ಮಿಸೆಸ್ ಟೊಲೆಫ್ಸನ್? ಊರೆಲ್ಲ ಕೇಳಿ ಬಂದೆ. ಒಬ್ಬರಾದ್ರೂ ಹೂಂ ಅನ್ನಬಾರ್ದಾ? ಯಾರಿಗೂ ಈ ಮಕ್ಕಳು ಬೇಕಾಗಿಲ್ಲ." ಕಣ್ಣು ಒರೆಸಿಕೊಂಡದ್ದು ಕಾಣಬಾರದೆಂದು ಆ ಕಡೆ ತಿರುಗಿದಳು. "ಪಾವಾ ಬೀಜ ಹಾಕ್ಬೇಡ ಅಂದ್ರೂ ಹಾಕ್ತಿದ್ದಾಳೆ."

"ನನ್ನ ಹತ್ರ ಎಷ್ಟು ಸಲ ಕೇಳಿದೆ?"

"ಅಂದ್ರೆ? ಕೇಳಿದ್ನಲ್ಲ."

"ಒಂದು ಸಲ. ಇನ್ನೆರಡು ಸಲ ಕೇಳಮ್ಮ."

ಅವಳಿಗೆ ಅರ್ಥವಾಗಲಿಲ್ಲ. ನಾನು ನಿಧಾನವಾಗಿ ಹೇಳಿದೆ. ನಮ್ಮ ಕಡೆ ಮೊದಲನೆಯ ಸಲ ಕೇಳುವುದು ಬಾಗಿಲು ತಟ್ಟಿದ ಹಾಗೆ. ಆಗಲೇ ಹೂಂ ಅಂದರೆ, ಇದಕ್ಕೇ ಕಾದು ಕೂತಿದ್ದಳು ಅಂತಾರೆ. ಎರಡನೆಯ ಸಲ ಕೇಳಿದರೆ ಆಯಿತು, ಇವರು ಮನಸ್ಸಿಟ್ಟು ಕೇಳುತ್ತಿದ್ದಾರೆ ಅನ್ನಿಸುತ್ತದೆ. ಮೂರನೆಯದಕ್ಕೆ ಉತ್ತರ.

"ಹಾಗಾದ್ರೆ ಇಲ್ಲಿ ಬೇಡ ಅಂದ್ರೆ ಬೇಕು ಅಂತಾನಾ?"

"ಹಂಗಲ್ಲ. ಬೇಡ ಅಂದ್ರೆ ಇನ್ನೂ ಹೇಳಿಲ್ಲ ಅಂತ."

ಪಾವಾ ಮಣ್ಣಿನ ಕೈಯಲ್ಲೇ ಬಾಯಿ ಮುಚ್ಚಿಕೊಂಡು ನಕ್ಕಳು. "ಮಿಸ್, ನಮ್ಮನೇಲೂ ಇದೇ ಥರ. ನಮ್ಮಪ್ಪನ್ನೂ ನೀವು ಒಂದೇ ಸಲ ಕೇಳಿದ್ರಿ. ನಿಮಗೆ ಅವರು ಬೇಕಾಗಿಲ್ವೇನೋ ಅಂತ ಅವತ್ತು ಊಟಾನೇ ಸರಿಯಾಗಿ ಮಾಡ್ಲಿಲ್ಲ."

"ಅಯ್ಯೋ ದೇವರೇ! ನನಗ್ಯಾಕೆ ಹೇಳ್ಲಿಲ್ಲ ನೀನು?"

"ಹೇಳಿದ್ರೆ ನಿಮ್ಮ ತಪ್ಪು ಎತ್ತಿ ತೋರಿಸಿದ ಹಾಗಾಗತ್ತಲ್ಲ, ಮಿಸ್."

ಹಿಮೇನಾ ಕುಂಡಗಳ ರಾಶಿಯ ಪಕ್ಕದಲ್ಲೇ ಕೂತುಬಿಟ್ಟಳು. ನಗುವುದೋ ಅಳುವುದೋ ತಿಳಿಯದೆ ಎರಡನ್ನೂ ಮಾಡಿದಳು. ಆಮೇಲೆ ಎದ್ದು ನಿಂತು, ನನ್ನ ಕಡೆ ತಿರುಗಿ, "ಮಿಸೆಸ್ ಟೊಲೆಫ್ಸನ್, ನಮ್ಮ ಮಂಡಳಿಗೆ ಬರ್ತೀರಾ?" ಎಂದಳು.

"ನನಗೆ ವಯಸ್ಸಾಯ್ತಲ್ಲಮ್ಮ."

"ದಯವಿಟ್ಟು ಬನ್ನಿ."

"ನೀನು ಅಷ್ಟು ಹೇಳ್ತೀಯ ಅಂದ್ರೆ ಬರ್ತೀನಪ್ಪ."

ಆ ವಾರವೆಲ್ಲ ಅವಳ ಟ್ರಕ್ಕಿನಲ್ಲಿ ಊರು ಸುತ್ತಿದೆವು. ಮೊದಲು ಆರ್ವಿಲ್‌ನ ಕೊಟ್ಟಿಗೆಗೆ. ಎರಡನೆಯ ಸಲ ಕೇಳಿದಾಗ ಅವನು ಟ್ರ್ಯಾಕ್ಟರಿನ ಕೆಳಗಿನಿಂದ ತಲೆ ಹೊರಗೆ ಹಾಕಿದ. ಮೂರನೆಯ ಸಲಕ್ಕೆ ಮೈ ಪೂರ್ತಿ ಹೊರಗೆ ಬಂತು. "ಬೇರೆ ಯಾರೂ ಸಿಗ್ಲಿಲ್ಲ ಅಂದ್ರೆ ನೋಡೋಣ," ಎಂದ. ಟ್ರಕ್ಕಿಗೆ ಮರಳಿದಾಗ ಹಿಮೇನಾ ಬೇಸರದಿಂದ, "ನೋಡೋಣ ಅಂದ್ರು," ಎಂದಳು. "ಇದಕ್ಕಿಂತ ಗಟ್ಟಿಯಾಗಿ ಅವನು ಮದುವೇಲೂ ಒಪ್ಪಿಕೊಂಡಿಲ್ಲ ಕಣೇ," ಎಂದೆ.

ಬೀಜದ ಅಂಗಡಿಯ ಕ್ಲಿಫರ್ಡ್ ಮಾತ್ರ ಎರಡನೆಯ ಸಲ ಕೇಳುತ್ತಿದ್ದಂತೆಯೇ ಒಳಗೆ ಹೋಗಿ, ಹೆಂಡತಿ ಹಾಕಿದ ಬೀಟ್‌ರೂಟ್ ಉಪ್ಪಿನಕಾಯಿಯ ಬಾಟಲಿ ತಂದು ಅವಳ ಕೈಗಿಟ್ಟ. ಅವಳು ಮೂರನೆಯ ಸಲಕ್ಕೆ ಬಾಯಿ ತೆರೆಯುವುದರೊಳಗೆ ನಾನು ಅವಳ ತೋಳು ಹಿಡಿದು ಹೊರಗೆ ಕರೆತಂದೆ.

"ಇನ್ನೂ ಒಂದು ಸಲ ಬಾಕಿ ಇತ್ತಲ್ಲ!"

"ಬಾಟ್ಲಿ ಕೊಟ್ರೆ ಮುಗೀತು. ಬರಿಗೈಲಿ ಕಳಿಸೋಕಾಗ್ದೆ ಕೊಟ್ಟಿದ್ದು, ಅದು ನಿಜವಾದ ಬೇಡ."

ಪಾವಾಳ ಮನೆಯಲ್ಲಿ ಅವಳ ಅಪ್ಪ ಲೆರ್‌ಮೂ ಕಾರ್ಖಾನೆಯ ಪಾಳಿ ಮುಗಿಸಿ ಬಂದು ಸ್ನಾನ ಮಾಡಿ ಕೂತಿದ್ದ. ತೆಳ್ಳಗಿನ, ಮಾತು ಕಡಿಮೆಯ ಮನುಷ್ಯ. ಅವನ ಮಾತನ್ನು ಮಗಳು ತಿಳಿಸುತ್ತಿದ್ದಳು.

"ಅಪ್ಪಂಗೆ ಇಂಗ್ಲಿಷ್ ಸರಿಯಾಗಿ ಬರಲ್ಲವಂತೆ."

"ಮಗಳಿದ್ದಾಳಲ್ಲ. ಬನ್ನಿ ಸರ್," ಎಂದಳು ಹಿಮೇನಾ.

"ಮೈಯೆಲ್ಲ ಕೋಳಿ ವಾಸನೆ ಅಂತೆ. ದೊಡ್ಡವರ ಪಕ್ಕ ಹೇಗೆ ಕೂತ್ಕೊಳ್ಳೋದು ಅಂತಾರೆ."

"ಆರ್ವಿಲ್ ಹತ್ರ ಹಂದಿ ವಾಸನೆ ಬರತ್ತೆ. ಸರಿಹೋಗತ್ತೆ," ಎಂದೆ ನಾನು. ಪಾವಾ ಅದನ್ನು ಅವರ ಭಾಷೆಯಲ್ಲಿ ಹೇಳಿದಾಗ ಲೆರ್‌ಮೂನ ಹೆಂಡತಿ ಅಡುಗೆಮನೆಯಲ್ಲೇ ನಕ್ಕದ್ದು ಕೇಳಿಸಿತು. ಹಿಮೇನಾ ಮೂರನೆಯ ಸಲ ಕೇಳುವಷ್ಟರಲ್ಲಿ ಅನ್ನದ ತಟ್ಟೆಗಳು ನಮ್ಮ ಮುಂದೆ ಬಂದವು.

"ತಟ್ಟೆ ಬಂದ್ರೆ ಹೂಂ, ಬಾಟ್ಲಿ ಬಂದ್ರೆ ಇಲ್ಲ," ಎಂದು ನನ್ನ ಕಿವಿಯಲ್ಲಿ ಪಿಸುಗುಟ್ಟಿದಳು ಹಿಮೇನಾ. ಜಾಣೆ. ಬೇಗ ಕಲಿತಳು.

ಮಂಡಳಿ ಕಟ್ಟಲೆಂದು ಕ್ವಿಗ್ಲಿಯನ್ನೂ ಕರೆದಿದ್ದ ಸಭೆಯ ಸಂಜೆ ಮರಗೆಲಸದ ಕೋಣೆಯಲ್ಲಿ ಜನ ಚೆನ್ನಾಗಿಯೇ ಸೇರಿದ್ದರು. ಆದರೆ ಮುಂದಿನ ಕುರ್ಚಿಗಳೆಲ್ಲ ಖಾಲಿ. ನಮ್ಮವರು ಕಾಫಿಯ ಪಾತ್ರೆಯ ಹತ್ತಿರ ಗೋಡೆಗೆ ಒರಗಿ ನಿಂತಿದ್ದರೆ, ಕರೆನ್ ತಂದೆತಾಯಂದಿರು ಬಾಗಿಲ ಹತ್ತಿರದ ಗೋಡೆಗೆ ಒರಗಿ ನಿಂತಿದ್ದರು. ಆರ್ವಿಲ್ ಒಂದು ಕುರ್ಚಿ ಎಳೆದು ಲೆರ್‌ಮೂಗೆ ತೋರಿಸಿದ. ಲೆರ್‌ಮೂ ತಲೆ ಅಲ್ಲಾಡಿಸಿ ಅದನ್ನೇ ಆರ್ವಿಲ್‌ಗೆ ತೋರಿಸಿದ. ಆರ್ವಿಲ್ ಮತ್ತೆ ತೋರಿಸಿದ. ಹೀಗೆ ಕುರ್ಚಿ ಅತ್ತ ಇತ್ತ ಸರಿದು, ಕೊನೆಗೆ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿ, ಬೇರೆ ಬೇರೆ ಕುರ್ಚಿ ಎಳೆದುಕೊಂಡು ಒಟ್ಟಿಗೇ ಕೂತರು. ಅದು ಕಂಡು ಉಳಿದವರೂ ಕೂತರು.

"ಈ ಮನುಷ್ಯ ಎಷ್ಟು ಮರ್ಯಾದಸ್ಥ ನೋಡು," ಎಂದ ಆರ್ವಿಲ್ ನನಗೆ. ಊರಿಗೆ ಬಂದು ಏಳೆಂಟು ವರ್ಷವಾದ ಜನರ ಬಗ್ಗೆ ಅವನು ಆಡಿದ ಮೊದಲನೆಯ ಮಾತು ಅದು.

ಕ್ವಿಗ್ಲಿ ಹೊತ್ತಿಗೆ ಸರಿಯಾಗಿ ಬಂದ. ಸೇರಿದವರನ್ನು ಕಂಡು ಅವನಿಗೂ ಸಂತೋಷವಾದಂತಿತ್ತು. ಕೋಟು ಬಿಚ್ಚಿ, ಪೆನ್ನು ಹಿಡಿದು, ನೇರವಾಗಿ ವಿಷಯಕ್ಕೇ ಬಂದ.

"ನಾನು ಒಂದೇ ಮಾತು ಕೇಳೋದು. ನೀವು ಹೇಳಿದ ಹಾಗೆ ಮಾಡ್ತೀನಿ. ಈ ಕೂಟ ನಿಮಗೆ ಬೇಕಾ, ಬೇಡವಾ?"

ಎಲ್ಲರೂ ತಮ್ಮ ತಮ್ಮ ಬೂಟು ನೋಡಿಕೊಂಡರು.

"ಅದು... ನಮ್ಮಿಂದ ಶಾಲೆಗೆ ತೊಂದರೆ ಆಗೋದು ಬೇಡಪ್ಪ," ಎಂದ ಆರ್ವಿಲ್.

"ಬಸ್ಸುಗಳಿಗೂ ಜಾಗ ಬೇಕಲ್ಲ, ಪಾಪ," ಎಂದಳು ಮಾರ್ಲಿಸ್.

ಲೆರ್‌ಮೂ ಮೆಲ್ಲಗೆ ಏನೋ ಹೇಳಿದ. ಪಾವಾ ಅದನ್ನು ತಿಳಿಸುವಾಗ ದನಿ ಇಳಿಯುತ್ತ ಹೋಯಿತು. "ಅಪ್ಪ ಹೇಳ್ತಾರೆ... ಶಾಲೆಯವರಿಗೆ ಕಷ್ಟ ಆಗೋದಾದ್ರೆ ಕೂಟ ಇಲ್ದಿದ್ರೂ ಪರವಾಗಿಲ್ಲ ಅಂತ."

ಇಷ್ಟೆಲ್ಲ ಬಿಡಿಸಿ ಹೇಳಿಕೊಟ್ಟಿದ್ದ ನನ್ನ ಬಾಯಿಂದಲೂ, ಕ್ವಿಗ್ಲಿ ನನ್ನ ಕಡೆ ನೋಡಿದ ಕೂಡಲೇ ಬಂದದ್ದು, "ನಮ್ಮ ಬಗ್ಗೆ ಯೋಚ್ನೆ ಮಾಡ್ಬೇಡಿ" ಎಂಬ ಮಾತೇ. ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡೆ. ಎಪ್ಪತ್ತೆಂಟು ವರ್ಷದ ನಾಲಿಗೆ, ನನ್ನ ಮಾತು ಕೇಳುತ್ತದೆಯೇ?

ಕ್ವಿಗ್ಲಿ ಪೆನ್ನಿಗೆ ಮುಚ್ಚಳ ಹಾಕಿದ. "ಸರಿ. ನೇರವಾಗಿ ಹೇಳಿದ್ದಕ್ಕೆ ಥ್ಯಾಂಕ್ಸ್."

"ಸರ್, ಇನ್ನೊಂದ್ಸಲ ಕೇಳಿ," ಎಂದಳು ಹಿಮೇನಾ.

"ಹೇಳಿದ್ರಲ್ಲ."

"ಇವರು ಇನ್ನೂ ಹೇಳಿಲ್ಲ ಸರ್. ಇನ್ನೆರಡು ಸಲ ಕೇಳ್ಬೇಕು."

"ಮಿಸ್ ಬರೇರಾ, ಹಿರಿಯರು ಬಾಯಿಬಿಟ್ಟು ಬೇಡ ಅಂದ ಮೇಲೂ ಪೀಡಿಸೋದು ಸರಿಯಲ್ಲ," ಎಂದು ಅವನು ಮೃದುವಾಗಿಯೇ ಹೇಳಿ ಕೋಟು ಹಾಕಿಕೊಳ್ಳತೊಡಗಿದ. ಅವನ ಊರಿನ ಮರ್ಯಾದೆ ಅದು. ಅವನನ್ನು ಏನೆನ್ನುವುದು?

ಹಿಮೇನಾ ನನ್ನನ್ನು ನೋಡಿದಳು. ಅಷ್ಟರಲ್ಲಿ ಪಾವಾ ಯಾರಿಗೂ ಏನೂ ಹೇಳದೆ ಕಿಟಕಿಯ ಹತ್ತಿರ ಹೋದಳು. ಸಭೆಗೆ ಬಂದವರು ನೋಡಲೆಂದು ಅಲ್ಲಿ ಒಂದು ಟ್ರೇ ಇಟ್ಟಿದ್ದಳು. ಪುಂಡಿಯ ಮೊಳಕೆಗಳು ಆಗಷ್ಟೇ ಎರಡೆರಡು ಎಲೆ ಬಿಟ್ಟಿದ್ದವು. ಪಕ್ಕದಲ್ಲೇ ಟೊಮೇಟೊ ಸಸಿಗಳು. ಅವಳು ಟ್ರೇಯನ್ನು ಎರಡೂ ಕೈಯಿಂದ ಎತ್ತಿ, ನೆಲದ ಮೇಲಿದ್ದ ರಟ್ಟಿನ ಡಬ್ಬಿಯೊಳಗೆ ಇಳಿಸಿದಳು. ಒಂದು ಸಸಿ ವಾಲಿತು. ಬೆರಳಲ್ಲಿ ಮಣ್ಣು ಒತ್ತಿ ನೆಟ್ಟಗೆ ಮಾಡಿದಳು. ಕೆಡವುವ ಮನೆಯ ಸಸಿಗೆ ಅಷ್ಟು ಉಪಚಾರ!

ಆರ್ವಿಲ್ ಅದನ್ನೇ ನೋಡುತ್ತಿದ್ದ.

"ಬೇಕು," ಎಂದ.

ಅವನ ಕಿವಿಗಳು ಬೀಟ್‌ರೂಟಿನ ಬಣ್ಣಕ್ಕೆ ತಿರುಗಿದವು. ಕ್ವಿಗ್ಲಿಯ ಕೈ ಗುಂಡಿಯ ಮೇಲೆ ನಿಂತಿತು.

"ಏನಂದ್ರಿ?"

"ಬೇಕು ಅಂದೆ. ನಮಗೆ ಆ ಕೂಟ ಬೇಕು. ನೀವು ಕೋಟು ಬಿಚ್ಚಿ ಕೂತ್ಕೊಳ್ಳಿ."

ಮಾರ್ಲಿಸ್ ಬಾಯಿಗೆ ಕೈ ಇಟ್ಟುಕೊಂಡಳು. ಎರಡನೆಯ ಸಲ ಕೇಳಿಸಿಕೊಳ್ಳದೆ ನಮ್ಮೂರಿನ ಗಂಡಸು ಬೇಕು ಎನ್ನುವುದೆಂದರೆ, ಅತಿಥಿಗಳು ಕೂರುವ ಮೊದಲೇ ಮೇಜಿನ ಆಚೆಗೆ ಕೈ ಚಾಚಿ ಪಾತ್ರೆಯನ್ನು ತನ್ನ ಕಡೆ ಎಳೆದುಕೊಂಡ ಹಾಗೆ. ಅವನ ಅಮ್ಮ ಬದುಕಿದ್ದರೆ ಚರ್ಚಿಗೆ ಮುಖ ತೋರಿಸುತ್ತಿರಲಿಲ್ಲ.

ಲೆರ್‌ಮೂ ಎದ್ದು ನಿಂತ. ಮಗಳು ತಿಳಿಸಲೆಂದು ಕಾಯಲಿಲ್ಲ. ತನಗೆ ಬಾರದ ಭಾಷೆಯಲ್ಲಿ ತಾನೇ ಹೇಳಿದ: "ಬೇಕು." ಹೇಳಿ, ಆರ್ವಿಲ್‌ನಷ್ಟೇ ಕೆಂಪಾಗಿ ಕೂತ. ಆಮೇಲೆ ಮಾರ್ಲಿಸ್. ಆಮೇಲೆ ಬಾಗಿಲ ಹತ್ತಿರದ ತಾಯಂದಿರು, ಒಬ್ಬೊಬ್ಬರೇ, ನೆಲ ನೋಡುತ್ತ. ನಾನೂ ಹೇಳಿದೆ.

ಕ್ವಿಗ್ಲಿ ಒಬ್ಬೊಬ್ಬರ ಮುಖವನ್ನೇ ನೋಡಿದ. "ಈಗಷ್ಟೇ ಎಲ್ಲರೂ ಬೇಡ ಅಂದ್ರಲ್ಲ?"

"ಅದು ಬೇಡ ಅಂದಿದ್ದಲ್ಲ ಸರ್," ಎಂದಳು ಪಾವಾ, ಡಬ್ಬಿಯ ಪಕ್ಕದಿಂದ. "ಅದು ಮರ್ಯಾದೆ."

ಮೊದಲು ನಕ್ಕದ್ದು ಲೆರ್‌ಮೂ. ಆಮೇಲೆ ಆರ್ವಿಲ್ ತೊಡೆ ತಟ್ಟಿಕೊಂಡು ನಕ್ಕ. ಎರಡೂ ಗೋಡೆಗಳ ಜನ ನಕ್ಕರು. ಕ್ವಿಗ್ಲಿ ಕೋಟು ಬಿಚ್ಚಿ ಕುರ್ಚಿಯ ಮೇಲೆ ಹಾಕಿ, ಪೆನ್ನಿನ ಮುಚ್ಚಳ ತೆಗೆದ. "ಹಾಗಾದ್ರೆ ಮಂಡಳಿಯವರ ಹೆಸರು ಹೇಳಿ. ಗಾಜಿನ ಮನೆ ಅಲ್ಲೇ ಇರಲಿ. ಬಸ್ಸಿಗೆ ಬೇರೆ ಜಾಗ ನೋಡ್ತೀನಿ." ಪಾವಾ ಟ್ರೇಯನ್ನು ಎತ್ತಿ ಮತ್ತೆ ಕಿಟಕಿಗೆ ಇಟ್ಟಳು, ಬೆಳಕಿನ ಕಡೆಗೆ ವಾಲದಂತೆ ತಿರುಗಿಸಿಯೂ ಇಟ್ಟಳು.

ಮಂಡಳಿಯ ಮುಂದಾಳು ಯಾರಾಗಬೇಕೆಂಬ ಮಾತಿಗೆ ಕಾಫಿ ಎರಡು ಸುತ್ತು ಮುಗಿಯಿತು. ಆರ್ವಿಲ್ ಲೆರ್‌ಮೂನನ್ನು ತೋರಿಸುವುದು, ಲೆರ್‌ಮೂ ಆರ್ವಿಲ್‌ನನ್ನು ತೋರಿಸುವುದು. ಕೊನೆಗೆ ಹಿಮೇನಾಳೇ ಇಬ್ಬರ ಹೆಸರನ್ನೂ ಬರೆಸಿದಳು. ಯಾರೂ ಬಾಟಲಿ ಕೊಡಲಿಲ್ಲ.

ನಾನು ಸಭೆಗೆ ತಂದಿದ್ದ ತಟ್ಟೆಯಲ್ಲಿ ಒಂದೇ ಒಂದು ನಿಂಬೆ ಬಾರು ಉಳಿದಿತ್ತು. ನಮ್ಮೂರಲ್ಲಿ ಕೊನೆಯ ತುಂಡನ್ನು ಇಡಿಯಾಗಿ ಯಾರು ತೆಗೆದುಕೊಳ್ಳುತ್ತಾರೆ? ಆರ್ವಿಲ್ ಬಂದು ಅದರಲ್ಲಿ ಅರ್ಧ ಕತ್ತರಿಸಿಕೊಂಡು ಅರ್ಧ ಬಿಟ್ಟ. ಲೆರ್‌ಮೂ ಬಂದು ನೋಡಿ, ಉಳಿದದ್ದರಲ್ಲಿ ಅರ್ಧ ಕತ್ತರಿಸಿಕೊಂಡ. ಯಾರೂ ಅವನಿಗೆ ಹೇಳಿಕೊಟ್ಟಿರಲಿಲ್ಲ. ಮಾರ್ಲಿಸ್ ಅದರಲ್ಲೂ ಅರ್ಧ ತೆಗೆದುಕೊಳ್ಳಲು ಚಾಕು ಎತ್ತಿದ್ದಳು. ಅಷ್ಟರಲ್ಲಿ ಕ್ವಿಗ್ಲಿ ಅಲ್ಲಿಗೆ ಬಂದ.

"ತಗೊಳ್ಳಿ," ಎಂದೆ ನಾನು, ಮಾತಿಗೆ.

"ಓ, ಥ್ಯಾಂಕ್ಸ್!" ಎಂದು ಅವನು ಅದನ್ನು ಇಡಿಯಾಗಿ ಬಾಯಿಗೆ ಹಾಕಿಕೊಂಡ.

ಎಲ್ಲರೂ ಖಾಲಿ ತಟ್ಟೆ ನೋಡಿದರು. ಅವನು ಕೈ ಒರೆಸಿಕೊಂಡು, ಎಲ್ಲರ ಕೈ ಕುಲುಕಿ, ಹೊರಟುಹೋದ.

"ಇವರಿಗೆ ನಮ್ಮೂರಿನ ರೀತಿ ಯಾರು ಹೇಳಿಕೊಡ್ತಾರೆ?" ಎಂದಳು ಹಿಮೇನಾ. ನಮ್ಮೂರು ಎಂದಳು. "ಮಿಸ್ಟರ್ ಹೌಗೆನ್, ನೀವು ಹೇಳಿಕೊಡಿ."

"ನಾನಾ? ನನಗೇನು ಗೊತ್ತಾಗತ್ತೆ?" ಎಂದ ಆರ್ವಿಲ್.

ಅವಳು ಕುರ್ಚಿ ಎಳೆದುಕೊಂಡು ಅವನ ಎದುರಿಗೆ ಕೂತು, ಬಟ್ಟಲಿಗೆ ಇನ್ನಷ್ಟು ಕಾಫಿ ಬಗ್ಗಿಸಿಕೊಂಡು, ಎರಡನೆಯ ಸಲ ಕೇಳಿದಳು.